ಉಳಿಸಿದ ಶಾಖದ ಬಿಲ್ಲು ಯಾರ ಮನೆಗೆ ಹೋಯಿತು? ಒಂದು ಪ್ರಕರಣ ಅಧ್ಯಯನ

ದಕ್ಷಿಣ ಜರ್ಮನಿಯ ಒಂದು ಹೋಖ್‌ಶೂಲೆಯಲ್ಲಿ, ಅಂದರೆ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ, 2022ರ ಶರತ್ಕಾಲದಿಂದ ಎರಡು ಚಳಿಗಾಲ ನಡೆದ ಸಂಗತಿ ಇದು. ಊರು, ಸಂಸ್ಥೆ ಯಾವುವೆಂದು ಹೇಳುವುದಿಲ್ಲ. ವ್ಯಕ್ತಿಗಳ ಗುರುತು ಸಿಗದಂತೆ ಊರು, ಓದುವ ವಿಷಯ, ಒಂದೆರಡು ಕಡೆ ಗಂಡು ಹೆಣ್ಣನ್ನೂ ಬದಲಿಸಿದ್ದೇನೆ. ಬದಲಿಸದೆ ಬಿಟ್ಟಿರುವುದು ನನ್ನ ಪಾತ್ರವನ್ನು ಮಾತ್ರ. ಆಗ ನಾನು ಅಲ್ಲಿನ ಸುಸ್ಥಿರತೆ ವಿಭಾಗದಲ್ಲಿ ಅರ್ಧ ದಿನದ ನೌಕರಿಯಲ್ಲಿದ್ದೆ. ಮುಂದೆ ಹೇಳುವ ತಪ್ಪು ನಿರ್ಧಾರದ ಮೊದಲ ಕರಡು ಬರೆದವಳು ನಾನೇ.

ಹಿನ್ನೆಲೆ

ಈ ಬಗೆಯ ಸಂಸ್ಥೆಗಳು ಜರ್ಮನಿಯಲ್ಲಿ ಹುಟ್ಟಿದ್ದು 1968ರಲ್ಲಿ ಅಲ್ಲಿನ ರಾಜ್ಯಗಳು ಮಾಡಿಕೊಂಡ ಒಪ್ಪಂದದಿಂದ. ಕಂಪನಿಯಲ್ಲಿ ಕಳೆಯುವ ಒಂದು ಸೆಮಿಸ್ಟರ್, ಹೊರಗೆ ಕೆಲಸ ಮಾಡಿ ಬಂದ ಪ್ರಾಧ್ಯಾಪಕರು, ಸಣ್ಣ ತರಗತಿಗಳು ಇವುಗಳ ಹೆಗ್ಗುರುತು. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆ ಬರುವ ನಮ್ಮ ಕರ್ನಾಟಕದ ಹುಡುಗ ಹುಡುಗಿಯರಿಗೆ ಇವು ಚೆನ್ನಾಗಿ ಗೊತ್ತು. ನಮ್ಮಲ್ಲಿ ಪ್ರತಿ ಅಕ್ಟೋಬರಿನಲ್ಲೂ ಕ್ಯಾಂಟೀನಿನ ಒಂದು ಮೂಲೆಯಿಂದ ಕನ್ನಡ ಕೇಳಿಬರುತ್ತಿತ್ತು.

ಪಾಠ, ಸಂಶೋಧನೆಗಳ ಜೊತೆಗೆ ಸಮಾಜದ ಹೊಣೆಯನ್ನೂ ಹೊರಬೇಕು ಎಂಬ ಮಾತು ಈ ಸಂಸ್ಥೆಗಳಲ್ಲಿ ಹಳೆಯದು. ಪೋಲೆಂಡ್ ಗಡಿಯ ತ್ಸಿಟ್ಟಾವ್–ಗೊರ್ಲಿಟ್ಸ್ ಹೋಖ್‌ಶೂಲೆ ಯುರೋಪಿನ ಪರಿಸರ ನಿರ್ವಹಣಾ ಪ್ರಮಾಣಪತ್ರವನ್ನು 1999ರಲ್ಲೇ ಪಡೆದಿತ್ತು. ಎಬರ್ಸ್‌ವಾಲ್ಡೆಯದು ತನ್ನ ಹೆಸರಿನಲ್ಲೇ ಸುಸ್ಥಿರ ಅಭಿವೃದ್ಧಿಯನ್ನು ಸೇರಿಸಿಕೊಂಡಿತು. ನಮ್ಮವರಿಗೂ ಅಂಥದ್ದೊಂದು ಹೆಸರು ಬೇಕಿತ್ತು. ಅದಕ್ಕೇ ನಮ್ಮ ವಿಭಾಗ ಹುಟ್ಟಿದ್ದು: ಒಂದು ಕೋಣೆ, ಒಂದೂವರೆ ಹುದ್ದೆ, ವರ್ಷಕ್ಕೊಂದು ವರದಿ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಆಗಸ್ಟ್ ಕೊನೆಗೆ ಬಾಲ್ಟಿಕ್ ಸಮುದ್ರದಡಿಯ ಕೊಳವೆಯಲ್ಲಿ ರಷ್ಯಾದಿಂದ ಅನಿಲ ಬರುವುದು ನಿಂತಿತು, ಮನೆ ಕಟ್ಟಡಗಳನ್ನು ಬಿಸಿ ಮಾಡುವ ಅನಿಲ. ಸೆಪ್ಟೆಂಬರ್ 1ರಿಂದ ಕೇಂದ್ರ ಸರ್ಕಾರದ ತುರ್ತು ಆದೇಶ ಜಾರಿಗೆ ಬಂತು: ಸಾರ್ವಜನಿಕ ಕಟ್ಟಡಗಳ ಕಚೇರಿಯಲ್ಲಿ 19 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡುವಂತಿಲ್ಲ, ಮೊಗಸಾಲೆ, ಕಾರಿಡಾರುಗಳನ್ನು ಬಿಸಿ ಮಾಡುವಂತಿಲ್ಲ, ಕೈ ತೊಳೆಯುವ ನಲ್ಲಿಗಳ ಬಿಸಿನೀರು ಬಂದ್. ಮೊದಲು ಫೆಬ್ರವರಿ ಕೊನೆಯವರೆಗೆ ಇದ್ದದ್ದನ್ನು ಆಮೇಲೆ 2023ರ ಏಪ್ರಿಲ್ 15ರವರೆಗೆ ಎಳೆದರು. ಊರಿನಲ್ಲಿ ಸೋಲಾರ್ ಹಂಡೆಯ ನೀರು ಬಿಸಿಯಾಗಲಿಲ್ಲವೆಂದರೆ ಒಂದು ದಿನ ತಣ್ಣೀರು ಸ್ನಾನ, ಅಷ್ಟೆ. ಇಲ್ಲಿ ಶಾಖವೆಂದರೆ ಅನ್ನದಷ್ಟೇ ಮುಖ್ಯ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಆ ವರ್ಷ.

ಜರ್ಮನ್ ಭಾಷೆಯಲ್ಲಿ ಸುಸ್ಥಿರತೆಯ ಪದವೇ ಉರುವಲಿನ ಅಭಾವದಿಂದ ಬಂದದ್ದು. ಸ್ಯಾಕ್ಸನಿಯ ಗಣಿಗಳಲ್ಲಿ ಅದಿರು ಕರಗಿಸಲು ಕಾಡು ಬರಿದಾಗುತ್ತಿದ್ದಾಗ, ಗಣಿ ಇಲಾಖೆಯ ಕಾರ್ಲೋವಿಟ್ಸ್ ಎಂಬ ಅಧಿಕಾರಿ 1713ರಲ್ಲಿ, ಬೆಳೆಯುವಷ್ಟನ್ನೇ ಕಡಿಯಬೇಕೆಂದು ಬರೆದ. ಈ ಮಾತನ್ನು ನಾನು ಎಷ್ಟೋ ಭಾಷಣಗಳ ಮೊದಲ ಸ್ಲೈಡಿನಲ್ಲಿ ತೋರಿಸಿದ್ದೆ. ಕಡಿಯುವವರು ಯಾರು, ಸೌದೆಯಿಲ್ಲದೆ ನಡುಗುವವರು ಯಾರು ಎಂದು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ.

ನಿರ್ಧಾರ

ಅಕ್ಟೋಬರಿನಲ್ಲಿ ಶಕ್ತಿ ಉಳಿತಾಯ ಸಮಿತಿ ಸೇರಿತು. ಮುಂದಾಳು ಕಾನ್ಸ್‌ಲರ್. ಹೆಸರು ಕೇಳಿ ಕುಲಾಧಿಪತಿ ಎಂದುಕೊಳ್ಳಬೇಡಿ; ಹಣ ಮತ್ತು ಆಡಳಿತ ನೋಡಿಕೊಳ್ಳುವ, ನಮ್ಮ ಕಡೆಯ ಕುಲಸಚಿವರಂಥ ಹುದ್ದೆ. ನನ್ನ ಕರಡಿನಲ್ಲಿದ್ದದ್ದು ಇಷ್ಟು: ಆದೇಶದಂತೆ ಕಚೇರಿಗೆ 19 ಡಿಗ್ರಿ, ತರಗತಿಗಳಿಗೂ ಅದೇ, ನವೆಂಬರಿನಿಂದ ಶನಿವಾರ ಭಾನುವಾರ ಗ್ರಂಥಾಲಯಕ್ಕೆ ಬೀಗ, ಕ್ರಿಸ್ಮಸ್ಸಿನಿಂದ ಜನವರಿ ಎರಡನೇ ವಾರದವರೆಗೆ ಇಡೀ ಕ್ಯಾಂಪಸ್ ಬಂದ್. ಆದೇಶ ಕೇಳಿದ್ದು ಮೊದಲನೆಯದನ್ನು ಮಾತ್ರ. ಉಳಿದ ಮೂರನ್ನು ನಾವಾಗಿ ಸೇರಿಸಿದೆವು, ಹೆಮ್ಮೆಯಿಂದಲೇ.

ವಿದ್ಯಾರ್ಥಿ ಪ್ರತಿನಿಧಿಯೊಬ್ಬಳು ಕೈ ಎತ್ತಿದಳು. ಜನವರಿ ಕೊನೆಗೆ ಪರೀಕ್ಷೆ ಶುರು, ರಜೆಯಲ್ಲಿ ಊರಿಗೆ ಹೋಗದವರು ಎಲ್ಲಿ ಓದಬೇಕು ಎಂದು ಕೇಳಿದಳು. ಯಾರೋ "ಮನೆಯಲ್ಲಿ" ಎಂದರು. ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಓದಿದ್ದರಲ್ಲ ಎಂಬ ಧಾಟಿ. ನಡಾವಳಿಯಲ್ಲಿ ಅದು ಒಂದು ಸಾಲು: "ಓದುವ ಸ್ಥಳದ ಬಗ್ಗೆ ಪ್ರಶ್ನೆ, ಮನೆಯಿಂದ ಓದುವ ಅವಕಾಶವಿದೆ." ಆ ಸಾಲು ಬರೆದವಳೂ ನಾನೇ. ಈಗ ಹಿಂದಿರುಗಿ ನೋಡಿದರೆ ಪ್ರಕರಣದ ಮೊದಲ ತಿರುವು ಅದು, ಅಂದು ಕೋಣೆಯಲ್ಲಿದ್ದ ಯಾರಿಗೂ ಹಾಗನ್ನಿಸಲಿಲ್ಲ.

ಫೆಬ್ರವರಿಯಲ್ಲಿ ಮೀಟರುಗಳ ಲೆಕ್ಕ ಬಂತು. ಊರಿನ ಶಾಖಜಾಲದಿಂದ, ಅಂದರೆ ಬಿಸಿನೀರನ್ನು ಕೊಳವೆಯಲ್ಲಿ ಕಟ್ಟಡಗಳಿಗೆ ಹಂಚುವ ವ್ಯವಸ್ಥೆಯಿಂದ, ನಾವು ಕೊಂಡ ಶಾಖ ಹಿಂದಿನ ಚಳಿಗಾಲಕ್ಕಿಂತ ಎದ್ದು ಕಾಣುವಷ್ಟು ಇಳಿದಿತ್ತು. ಪತ್ರಿಕಾ ಪ್ರಕಟಣೆ ಹೋಯಿತು, ಸ್ಥಳೀಯ ಪತ್ರಿಕೆಯಲ್ಲಿ ಚಿತ್ರವೂ ಬಂತು. ಕಟ್ಟಡ ತಂತ್ರಜ್ಞರು ಮಾತ್ರ ಮುಖ ಗಂಟಿಕ್ಕಿಕೊಂಡು ನನ್ನ ಕೋಣೆಗೆ ಬಂದರು. "ಈ ಸಲ ಚಳಿಯೇ ಕಡಿಮೆಯಿತ್ತು, ಹೊಸ ವರ್ಷದ ಹಿಂದಿನ ದಿನ ಜನ ಅಂಗಿಯಲ್ಲಿ ಓಡಾಡಿದರು, ಅದನ್ನು ಕಳೆದಿದ್ದೀರಾ?" ಎಂದರು. ಹೌದು, 2022ರ ಡಿಸೆಂಬರ್ 31ರಂದು ದಕ್ಷಿಣ ಜರ್ಮನಿಯ ಕೆಲವು ಕಡೆ ಉಷ್ಣಾಂಶ 20 ಡಿಗ್ರಿ ದಾಟಿತ್ತು. ಹೊರಗಿನ ಚಳಿಯ ಲೆಕ್ಕ ಹಾಕಿ ತಿದ್ದುವ ವಿಧಾನವೊಂದಿದೆ. ಪ್ರಕಟಣೆಯ ಅವಸರದಲ್ಲಿ ಅದನ್ನು ಬಿಟ್ಟಿದ್ದೆವು. ಅದು ಸೇರಿದಾಗ ನಮ್ಮ ಸಾಧನೆಯ ಒಂದು ಪಾಲು ಹವಾಮಾನದ ಖಾತೆಗೆ ಹೋಯಿತು. ತಿದ್ದಿದ ಅಂಕಿಗೆ ಪತ್ರಿಕೆಯಲ್ಲಿ ಜಾಗ ಸಿಗಲಿಲ್ಲ.

ಇನ್ನೂರು ಯೂರೊ ಮತ್ತು ಒಂದು ಸಾಲು

ನಿಜವಾದ ತಿರುವು ಬಂದದ್ದು ನಮ್ಮ ವಿಭಾಗಕ್ಕೆ ಸಂಬಂಧವೇ ಇಲ್ಲದ ಕೆಲಸದಿಂದ. ಶಕ್ತಿಯ ಬೆಲೆಯೇರಿಕೆಗೆ ಪರಿಹಾರವಾಗಿ ಸರ್ಕಾರ ಪ್ರತಿ ವಿದ್ಯಾರ್ಥಿಗೆ ಒಮ್ಮೆಗೆ 200 ಯೂರೊ ಘೋಷಿಸಿತ್ತು. 2022ರ ಡಿಸೆಂಬರ್ 1ರಂದು ದಾಖಲಾತಿ ಇದ್ದವರೆಲ್ಲ ಅರ್ಹರು, ವಿದೇಶಿಯರೂ ಸೇರಿ. ಅರ್ಜಿ ಶುರುವಾದದ್ದು 2023ರ ಮಾರ್ಚ್ 15ಕ್ಕೆ. ಘೋಷಣೆಗೂ ಹಣಕ್ಕೂ ನಡುವೆ ಚಳಿಗಾಲವೇ ಮುಗಿದಿತ್ತು! ಜೊತೆಗೆ ಕೇಂದ್ರದ ಡಿಜಿಟಲ್ ಖಾತೆ ತೆರೆಯಬೇಕು, ಗುರುತು ದೃಢಪಡಿಸಬೇಕು. ಜರ್ಮನ್ನರು ಗುರುತಿನ ಚೀಟಿಯನ್ನು ಫೋನಿಗೆ ತಾಗಿಸಿ ಮುಗಿಸುತ್ತಿದ್ದರು. ನಮ್ಮವರ ನಿವಾಸ ಪರವಾನಗಿ ಕಾರ್ಡಿನಲ್ಲಿ ಆ ಸೌಲಭ್ಯ ಎಷ್ಟೋ ಸಲ ಚಾಲೂ ಆಗಿರುತ್ತಿರಲಿಲ್ಲ. ಆಗ ಸಂಸ್ಥೆಯೇ ಒಂದು ಪಿನ್ ಕೊಡಬೇಕಿತ್ತು. ಕೊಡಲು ಒಬ್ಬರು ಕೂರಬೇಕಿತ್ತು. ಮೂರು ಭಾಷೆ ಬರುತ್ತದೆಂದು ನನ್ನನ್ನು ಕೂರಿಸಿದರು.

ಸಾಲಿನಲ್ಲಿ ನಿಂತವರು ಮಾತಾಡುತ್ತಾರೆ. ಹಾಸನದ ಕಡೆಯ ಹುಡುಗನೊಬ್ಬ ಪಿನ್ ತೆಗೆದುಕೊಳ್ಳುತ್ತಾ ಕೇಳಿದ: "ಅಕ್ಕಾ, ಈ ದುಡ್ಡು ಬಂದ್ರೆ ಗೋಡೆಗೆ ಬಣ್ಣ ಹೊಡಿಸ್ಬಹುದಾ?" ಯಾವ ಗೋಡೆ ಎಂದೆ. ಫೋನು ತೆಗೆದು ತೋರಿಸಿದ. ಮಂಚದ ಹಿಂದಿನ ಮೂಲೆ ಪೂರ್ತಿ ಕಪ್ಪು, ಬೂಷ್ಟು.

ಕತೆ ಹೀಗಿತ್ತು. 2022ರಲ್ಲಿ ಬಂದವರು ವೀಸಾಕ್ಕಾಗಿ ಬ್ಯಾಂಕಿನಲ್ಲಿ ಮೊದಲೇ ಕಟ್ಟಿಟ್ಟ ಹಣದಿಂದ ತಿಂಗಳಿಗೆ ತೆಗೆಯಬಹುದಾದದ್ದು 861 ಯೂರೊ. ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲ ಅದರಲ್ಲೇ. ಬಿಲ್ಲಿಗೆ ಹೆದರಿ ಹುಡುಗ ರೂಮಿನ ಹೀಟರನ್ನು ಡಿಸೆಂಬರ್ ಪೂರ್ತಿ ಸೊನ್ನೆಯಲ್ಲಿಟ್ಟ. ವಾರದ ದಿನಗಳಲ್ಲಿ ರಾತ್ರಿ ಗ್ರಂಥಾಲಯ ಮುಚ್ಚುವವರೆಗೆ ಅಲ್ಲೇ. ವಾರಾಂತ್ಯ, ಕ್ರಿಸ್ಮಸ್ ರಜೆಯಲ್ಲಿ ಗತಿಯಿಲ್ಲದೆ ರೂಮಿನಲ್ಲೇ. ಅಲ್ಲೇ ಅನ್ನ ಸಾರು, ಅಲ್ಲೇ ಒಗೆದ ಬಟ್ಟೆ ಹರವುವುದು, ಚಳಿಯೆಂದು ಕಿಟಕಿ ತೆಗೆಯುವುದೇ ಇಲ್ಲ. ತಣ್ಣನೆಯ ಗೋಡೆಗೆ ಆ ಹಬೆಯೆಲ್ಲ ಹೋಗಿ ಕೂತರೆ ಬೂಷ್ಟು ಬಾರದೆ ಏನು ಮಾಡೀತು. ಈಗ ಮನೆ ಮಾಲೀಕರು ಠೇವಣಿ ಹಿಡಿದಿಟ್ಟುಕೊಳ್ಳುತ್ತೇವೆ ಎನ್ನುತ್ತಿದ್ದರು. ಇಲ್ಲಿನ ಕಾನೂನು ಠೇವಣಿಯನ್ನು ಮೂರು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಓದುವ ಹುಡುಗನಿಗೆ ಅದು ಸಣ್ಣ ಹಣವಲ್ಲ.

"ರೂಮಲ್ಲಿ ಹೀಟರ್ ಹಾಕೋಕೆ ಓನರ್‌ಗಿಂತ ನಂಗೇ ಭಯ ಅಕ್ಕಾ. ಲೈಬ್ರರಿ ಇದ್ದಿದ್ರೆ ಹೆಂಗೋ ಆಗೋದು," ಎಂದ. ಅವನಿಗೆ ಲೈಬ್ರರಿ ಮುಚ್ಚಿಸಿದವಳು ಎದುರಿಗೇ ಕೂತಿದ್ದಾಳೆಂದು ಗೊತ್ತಿರಲಿಲ್ಲ. ನಾನೂ ಆಗ ಹೇಳಲಿಲ್ಲ.

ಆ ದಿನದಿಂದ ಪಿನ್ ಪಡೆಯಲು ಬಂದವರಿಗೆಲ್ಲ ಮೂರು ಪ್ರಶ್ನೆ ಕೇಳತೊಡಗಿದೆ: ಬಾಡಿಗೆಯಲ್ಲಿ ಶಾಖದ ಖರ್ಚು ಸೇರಿದೆಯೇ? ರಜೆಯಲ್ಲಿ ಎಲ್ಲಿ ಓದಿದಿರಿ? ಹೀಟರ್ ಎಷ್ಟರಲ್ಲಿಟ್ಟಿದ್ದಿರಿ? ಇದು ಸಮೀಕ್ಷೆಯಲ್ಲ, ಸಾಲಿನಲ್ಲಿ ನಿಂತವರ ಮಾತು ಅಷ್ಟೆ. ಶೇಕಡಾವಾರು ತೆಗೆಯಲು ಹೋಗಲಿಲ್ಲ. ಆದರೂ ಒಂದು ಗೆರೆ ಸ್ಪಷ್ಟವಾಗಿ ಕಂಡಿತು. ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿನಲ್ಲಿದ್ದವರ ಬಾಡಿಗೆಯಲ್ಲಿ ಶಾಖ ಸೇರಿತ್ತು, ಅವರು ನಿಶ್ಚಿಂತರು. ಖಾಸಗಿ ಮನೆಗಳಲ್ಲಿದ್ದವರು ತಿಂಗಳು ತಿಂಗಳು ಒಂದು ಮುಂಗಡ ಕಟ್ಟಿ, ನಿಜವಾದ ಲೆಕ್ಕಕ್ಕೆ ಕಾಯುತ್ತಿದ್ದರು. ಹಾಸ್ಟೆಲ್ ಸಿಗದವರಲ್ಲಿ ತಡವಾಗಿ ವೀಸಾ ಸಿಕ್ಕು ತಡವಾಗಿ ಬಂದ ವಿದೇಶಿಯರೇ ಹೆಚ್ಚು.

ಇಲ್ಲಿ ಇನ್ನೊಂದು ವಿಷಯವನ್ನೂ ಹೇಳಬೇಕು. ಬೆಳಗಿನ ಜಾವ ಕಟ್ಟಡ ಗುಡಿಸಿ ಒರೆಸುವ ಹೆಂಗಸರು ಗುತ್ತಿಗೆ ಕಂಪನಿಯವರು. ಹೀಟರ್ ಏರುವ ಮೊದಲೇ ಅವರ ಕೆಲಸ ಮುಗಿಯುತ್ತಿತ್ತು. ನಲ್ಲಿಯ ಬಿಸಿನೀರು ನಿಲ್ಲಿಸಿದಾಗ ಅವರು ಬಕೆಟ್ಟಿಗೆ ನೀರು ಹಿಡಿಯುವುದೂ ಅದೇ ನಲ್ಲಿಯಿಂದ ಎಂದು ಸಮಿತಿಯಲ್ಲಿ ಯಾರೂ ಯೋಚಿಸಿರಲಿಲ್ಲ. ಏಪ್ರಿಲಿನಲ್ಲಿ ಆದೇಶ ಮುಗಿದ ಮೇಲೂ, ಉಳಿತಾಯವಾಗುತ್ತದಲ್ಲ ಎಂದು ನಲ್ಲಿಗಳನ್ನು ಹಾಗೇ ಬಿಟ್ಟಿದ್ದೆವು. ಒಬ್ಬಾಕೆ ಒಡೆದ ಬೆರಳುಗಳನ್ನು ತಂತ್ರಜ್ಞರಿಗೆ ತೋರಿಸಿದ ಮೇಲೆ, ಮಹಡಿಗೊಂದು ನೀರಿನ ಹೀಟರನ್ನು ಅವರು ಯಾರನ್ನೂ ಕೇಳದೆ ಚಾಲೂ ಮಾಡಿದರು. ಇಡೀ ಪ್ರಕರಣದಲ್ಲಿ ತಕ್ಷಣ ಫಲ ಕೊಟ್ಟ ನಿರ್ಧಾರ ಇದೊಂದೇ, ಅದಕ್ಕೆ ಸಭೆ ನಡೆದಿರಲಿಲ್ಲ.

ಮಾಡಿ ನೋಡಿದ್ದು

ಬೇಸಿಗೆಯಲ್ಲಿ ಸಮಿತಿಯ ಮುಂದೆ ವಿಷಯ ಇಟ್ಟೆ. ನಾವು ಉಳಿಸಿದ ಶಾಖದ ಒಂದು ಭಾಗ ಉಳಿದಿಲ್ಲ, ಮೀಟರು ಬದಲಾಗಿದೆ ಅಷ್ಟೆ ಎಂದೆ. ಕಾನ್ಸ್‌ಲರ್ ಕಟುವಾಗಿ ಅಲ್ಲದಿದ್ದರೂ ಖಂಡಿತವಾಗಿ ಹೇಳಿದರು: ವಿದ್ಯಾರ್ಥಿಯ ಮನೆಯ ಬಿಲ್ಲು ಸಂಸ್ಥೆಯ ಹೊಣೆಯಲ್ಲ. ಕಾನೂನಿನ ಪ್ರಕಾರ ಅವರ ಮಾತು ಸರಿಯೇ. ನನ್ನ ಉತ್ತರ ಕಾನೂನಿನದಲ್ಲ, ನಮ್ಮದೇ ವರದಿಯದು. ವಿದ್ಯಾರ್ಥಿಗಳು ಮನೆಯಿಂದ ಬಂದು ಹೋಗುವ ಪ್ರಯಾಣದ ಇಂಗಾಲವನ್ನು ನಾವು ವರ್ಷವೂ ಎಣಿಸುತ್ತೇವೆ, ಏಕೆಂದರೆ ರೈಲು ಪಾಸಿನಿಂದಾಗಿ ಆ ಅಂಕಿ ಚೆನ್ನಾಗಿ ಕಾಣುತ್ತದೆ. ಅದೇ ವಿದ್ಯಾರ್ಥಿ ನಾವು ಬೀಗ ಹಾಕಿದ್ದರಿಂದ ಮನೆಯಲ್ಲಿ ಉರಿಸುವ ಶಾಖ ಮಾತ್ರ ನಮ್ಮ ಗಡಿಯಾಚೆಯದು ಹೇಗಾಗುತ್ತದೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾನ್ಸ್‌ಲರ್ "ಏನು ಮಾಡಬೇಕು ಹೇಳಿ" ಎಂದರು. ಅಲ್ಲಿಂದ ಕೆಲಸ ಶುರುವಾಯಿತು, ಎಡವಟ್ಟುಗಳೂ.

ಮೊದಲನೆಯದು ಕಂಬಳಿ. ಪ್ರಚಾರ ವಿಭಾಗದವರ ಯೋಚನೆ: ಸಂಸ್ಥೆಯ ಲಾಂಛನವಿರುವ ಹೊದಿಕೆಗಳನ್ನು ಅಕ್ಟೋಬರಿನಲ್ಲಿ ಹಂಚುವುದು. ಹಂಚಿದೆವು. ಫೋಟೊ ಚೆನ್ನಾಗಿ ಬಂದವು. ಬೂಷ್ಟಿಗೆ ಕಂಬಳಿ ಮದ್ದಲ್ಲ. ನಾಲ್ಕು ಹೊದ್ದುಕೊಂಡರೆ ಹೀಟರ್ ಇನ್ನಷ್ಟು ದಿನ ಸೊನ್ನೆಯಲ್ಲೇ ಇರುತ್ತದೆ.

ಎರಡನೆಯದು ವಾರಾಂತ್ಯದಲ್ಲಿ ಗ್ರಂಥಾಲಯವನ್ನು ಮತ್ತೆ ತೆರೆಯುವುದು. ಇದು ಸಲೀಸು ಎಂದುಕೊಂಡಿದ್ದೆ. ತಂತ್ರಜ್ಞರು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಕೊಳವೆ ತೋರಿಸಿದರು. ಎಪ್ಪತ್ತರ ದಶಕದ ಆ ಕಟ್ಟಡದಲ್ಲಿ ಗ್ರಂಥಾಲಯಕ್ಕೂ ಪಕ್ಕದ ತರಗತಿ ಸಾಲಿಗೂ ಬಿಸಿನೀರು ಹರಿಯುವ ಸುತ್ತು ಒಂದೇ. ಭಾನುವಾರ ಓದಲು ಬಂದ ಮೂವತ್ತು ಜನರಿಗಾಗಿ ಮೂರು ಮಹಡಿಯ ಖಾಲಿ ತರಗತಿಗಳೂ ಬೆಚ್ಚಗಾಗಬೇಕು. ಸುತ್ತನ್ನು ಬೇರ್ಪಡಿಸೋಣವೆಂದರೆ ಕಟ್ಟಡ ರಾಜ್ಯ ಸರ್ಕಾರದ್ದು. ನಿರ್ಮಾಣ ಇಲಾಖೆಗೆ ಅರ್ಜಿ ಹಾಕಿ ಕಾಯಬೇಕು. ಕೆಲವು ಸಹೋದ್ಯೋಗಿಗಳು ಕರೆಂಟಿನ ಸಣ್ಣ ಹೀಟರ್ ಇಡೋಣವೆಂದರು. ಹಳೆಯ ವೈರಿಂಗು, ಬೆಂಕಿಯ ಭಯ, ಅದು ಅಲ್ಲಿಗೇ ನಿಂತಿತು. ಕ್ಯಾಂಟೀನು ದೊಡ್ಡದು, ಬೆಚ್ಚಗಿರುತ್ತದೆ, ಆದರೆ ಅದು ವಿದ್ಯಾರ್ಥಿ ಸೇವಾ ಸಂಸ್ಥೆಯದು; ಒಂದೇ ಅಂಗಳದಲ್ಲಿದ್ದರೂ ಬೇರೆ ಯಜಮಾನ, ಬೇರೆ ಬಜೆಟ್. ಅವರು ಮಧ್ಯಾಹ್ನ ಮೂರಕ್ಕೆ ಬೀಗ ಹಾಕುವವರು.

ಮೂರನೆಯದು ನಡೆಯಿತು. ಹತ್ತು ವರ್ಷದ ಈಚಿನ ಪ್ರಯೋಗಾಲಯ ಕಟ್ಟಡದ ನೆಲಮಹಡಿಗೆ ಸ್ವಂತ ಸುತ್ತಿತ್ತು. ಅಲ್ಲಿನ ಎರಡು ಸೆಮಿನಾರ್ ಕೋಣೆಗಳ ಮೇಜುಗಳನ್ನು ತಿರುಗಿಸಿ ಓದುವ ಕೋಣೆ ಮಾಡಿದೆವು. ಬಾಗಿಲು ವಿದ್ಯಾರ್ಥಿ ಕಾರ್ಡಿನಿಂದ ತೆರೆಯುತ್ತದೆ, ಇಬ್ಬರು ವಿದ್ಯಾರ್ಥಿ ಸಹಾಯಕರು ಪಾಳಿಯಲ್ಲಿ ಕೂರುತ್ತಾರೆ. ಉಷ್ಣಾಂಶ 20 ಡಿಗ್ರಿ. ಮೂರನೇ ಮಹಡಿಯಿಂದ ಪ್ರಾಧ್ಯಾಪಕರೊಬ್ಬರು "ನನ್ನ ಪ್ರಯೋಗಾಲಯದ ಕೆಳಗೆ ಛತ್ರ ತೆರೆದಿದ್ದೀರಿ" ಎಂದು ಇ-ಮೇಲ್ ಬರೆದರು. ಕ್ರಿಸ್ಮಸ್ ದಿನ, ಹೊಸ ವರ್ಷದ ದಿನ ಬಿಟ್ಟು ಆ ರಜೆಯುದ್ದಕ್ಕೂ ಕೋಣೆ ತೆರೆದಿತ್ತು.

ಇದರ ಜೊತೆ ಮಾಡಿದ ಸಣ್ಣ ಕೆಲಸವೊಂದು, ಪ್ರಾಯಶಃ ಕೋಣೆಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಅಕ್ಟೋಬರಿನ ಸ್ವಾಗತ ವಾರದಲ್ಲಿ ಒಂದು ಗಂಟೆಯ ಪಾಠ: ಹೀಟರ್ ತಿರುಗಣಿಯಲ್ಲಿ 3 ಎಂದರೆ ಸುಮಾರು 20 ಡಿಗ್ರಿ, ಪೂರ್ತಿ ಆರಿಸಬೇಡಿ, ಕಿಟಕಿಯನ್ನು ಓರೆ ಮಾಡಿ ದಿನವಿಡೀ ಬಿಡಬೇಡಿ, ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಅಗಲ ತೆರೆದು ಮುಚ್ಚಿ, ಅನ್ನ ಬೇಯುವಾಗ ಬಾಗಿಲು ಹಾಕಿ, ಕಿಟಕಿ ತೆಗೆಯಿರಿ, ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ಈಚೆಗಿಡಿ, ಮನೆಗೆ ಕಾಲಿಟ್ಟ ದಿನವೇ ಮೀಟರಿನ ಫೋಟೊ ತೆಗೆದಿಡಿ. ಮೊದಲ ಸಲ ತಂತ್ರಜ್ಞರು ಜರ್ಮನ್‌ನಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು, ಅಷ್ಟೆ. ಎರಡನೇ ಸಲ ಅದೇ ಹಾಸನದ ಹುಡುಗನನ್ನು ನಿಲ್ಲಿಸಿ ಅವನ ಗೋಡೆಯ ಫೋಟೊ ತೋರಿಸಿದೆವು, ಅವನ ಒಪ್ಪಿಗೆ ಪಡೆದೇ. ಪ್ರಶ್ನೆಗಳು ಮುಗಿಯಲೇ ಇಲ್ಲ.

ಏನಾಯಿತು

ಬಿಲ್ಲುಗಳು ಬಂದವು, ತಡವಾಗಿ. ಮಾಲೀಕರು ಲೆಕ್ಕದ ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ಲೆಕ್ಕ ಕೊಟ್ಟರೆ ಸಾಕು. ಹಾಗಾಗಿ 2022ರ ನವೆಂಬರ್ ಡಿಸೆಂಬರಿನ ಶಾಖದ ಲೆಕ್ಕ ಎಷ್ಟೋ ಜನರಿಗೆ 2023ರ ಕೊನೆಗೆ, ಜನವರಿಯಿಂದ ಮುಂದಿನದು 2024ರಲ್ಲಿ ಕೈಗೆ ಬಂತು. ಆ ಹೊತ್ತಿಗೆ ಅವರು ಮನೆ ಬದಲಿಸಿದ್ದರು, ಕೆಲವರು ಊರನ್ನೇ. ಸರ್ಕಾರ ಅನಿಲದ ಬೆಲೆಯನ್ನು ಬಳಕೆಯ ಶೇ. 80ರಷ್ಟಕ್ಕೆ ಯೂನಿಟ್ಟಿಗೆ 12 ಸೆಂಟ್‌ಗೆ ಕಟ್ಟಿಹಾಕಿದ್ದರಿಂದ ಹೆದರಿದಷ್ಟು ದೊಡ್ಡ ಹೊಡೆತ ಬೀಳಲಿಲ್ಲ, ನಿಜ. ಆದರೂ ಸಮಿತಿ ಫೆಬ್ರವರಿಯಲ್ಲೇ ಚಪ್ಪಾಳೆ ತಟ್ಟಿ ಮುಗಿಸಿದ ಚಳಿಗಾಲ, ಹುಡುಗರ ಲೆಕ್ಕದಲ್ಲಿ ಮುಗಿಯಲು ಇನ್ನೊಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ನಮ್ಮ ಮೀಟರ್ ತಿಂಗಳಿಗೊಮ್ಮೆ ಓದುತ್ತದೆ, ಅವರದ್ದು ವರ್ಷಕ್ಕೊಮ್ಮೆ. ಒಂದು ಕ್ರಮ ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸುವ ದಿನವನ್ನು ನಾವು ನಮ್ಮ ಮೀಟರಿನ ಪ್ರಕಾರ ಗೊತ್ತುಮಾಡಿದ್ದೆವು.

ಓದುವ ಕೋಣೆ ಎರಡನೇ ಚಳಿಗಾಲದಲ್ಲಿ ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ತುಂಬಿತ್ತು, ನವೆಂಬರಿನಲ್ಲಿ ಅರ್ಧ ಖಾಲಿ. ಸಂಸ್ಥೆಯ ಶಾಖದ ಬಳಕೆ ಸ್ವಲ್ಪ ಏರಿತು. ವರದಿ ಬರೆಯುವಾಗ ಮೇಲಿನವರೊಬ್ಬರಿಂದ ಸೂಚನೆ ಬಂತು: ಕೋಣೆಯಲ್ಲಿ ಕೂತ ಪ್ರತಿ ವಿದ್ಯಾರ್ಥಿಗೂ ಮನೆಯಲ್ಲಿ ಇಷ್ಟು ಶಾಖ ಉಳಿಯಿತೆಂದು ಲೆಕ್ಕ ಹಾಕಿ, ಹವಾಮಾನದ ಸಾಧನೆ ಎಂದೇ ತೋರಿಸಬಹುದಲ್ಲ? ನಾನು ಒಪ್ಪಲಿಲ್ಲ. ಹುಡುಗ ಓದಲು ಬಂದ ಮಾತ್ರಕ್ಕೆ ಅವನ ರೂಮಿನ ಹೀಟರ್ ಆರುವುದಿಲ್ಲ. ಆರಬಾರದೆಂದು ನಾವೇ ಪಾಠ ಮಾಡಿದ್ದೆವು! ಮೊದಲ ವರ್ಷ ಗಡಿಯಾಚೆಯ ನಷ್ಟ ಎಣಿಸದೆ, ಎರಡನೇ ವರ್ಷ ಗಡಿಯಾಚೆಯ ಲಾಭ ಎಣಿಸುವುದು ಯಾವ ನ್ಯಾಯ? ಕೊನೆಗೆ ಕೋಣೆಯ ಖರ್ಚು ವಿದ್ಯಾರ್ಥಿ ಸೌಲಭ್ಯದ ಶೀರ್ಷಿಕೆಯಡಿ ಹೋಯಿತು. ವರದಿಯಲ್ಲಿ ಅಂಕಿಯಿಲ್ಲದ ಒಂದು ಪುಟ ಸೇರಿತು: ಉಳಿತಾಯದ ಪ್ರತಿ ಕ್ರಮದ ಎದುರು, ಇದರ ಭಾರ ಯಾರ ಮೇಲೆ ಬೀಳಬಹುದು ಎಂಬ ಒಂದು ಅಂಕಣ. ಅಂಕಿಯಿಲ್ಲದ ಪುಟ ವರದಿಯ ಮಟ್ಟವನ್ನು ಇಳಿಸುತ್ತದೆಂದು ವಾದ ಬಂದು, ಅದನ್ನು ಅನುಬಂಧಕ್ಕೆ ಸರಿಸಿದರು. ನಾನು ಸೋತೆನೆಂದೇ ಅಂದುಕೊಂಡೆ. ಈಗ ಹೊಸ ಪ್ರಸ್ತಾಪ ಬಂದಾಗ ಕಾನ್ಸ್‌ಲರ್ ಮೊದಲು ತೆಗೆಯುವುದು ಆ ಅನುಬಂಧವನ್ನೇ ಎಂದು ನನ್ನ ಜಾಗಕ್ಕೆ ಬಂದವರು ಹೇಳುತ್ತಾರೆ.

ಬೇರೆ ಸಂಸ್ಥೆಯವರು ಕೇಳಿದಾಗ ಕೋಣೆಯನ್ನು ನಕಲು ಮಾಡಿ ಎಂದು ನಾನು ಹೇಳುವುದಿಲ್ಲ. ಅವರ ಕೊಳವೆಗಳು ಬೇರೆ. ಸಮಿತಿಯಲ್ಲಿ ಯಾರು ಕೂತಿದ್ದಾರೆ ನೋಡಿ ಎನ್ನುತ್ತೇನೆ. ನಮ್ಮ ಸಮಿತಿಯಲ್ಲಿದ್ದವರಿಗೆಲ್ಲ ಸ್ವಂತ ಮನೆ ಅಥವಾ ಗಟ್ಟಿ ಸಂಬಳವಿತ್ತು. ಹಾಸ್ಟೆಲಿನಲ್ಲಿದ್ದ ವಿದ್ಯಾರ್ಥಿ ಪ್ರತಿನಿಧಿಗೂ ಬಿಲ್ಲಿನ ಅನುಭವವಿರಲಿಲ್ಲ, ಆದರೂ ಪ್ರಶ್ನೆ ಕೇಳಿದ್ದವಳು ಅವಳೊಬ್ಬಳೇ. ಈಗ ಅಲ್ಲಿ ಖಾಸಗಿ ಬಾಡಿಗೆಯ ಒಬ್ಬ ವಿದ್ಯಾರ್ಥಿಗೂ ಕುರ್ಚಿಯಿದೆ. ಗುಡಿಸುವವರಿಗೆ ಇನ್ನೂ ಇಲ್ಲ. ಅವರು ನಮ್ಮ ನೌಕರರಲ್ಲವಂತೆ.

ಹಾಸನದ ಹುಡುಗನಿಗೆ ಬಾಡಿಗೆದಾರರ ಸಂಘದ ಪತ್ರದ ನಂತರ ಠೇವಣಿಯ ಒಂದಷ್ಟು ಭಾಗ ವಾಪಸು ಬಂತು. ಲೈಬ್ರರಿ ಮುಚ್ಚಿಸಿದ್ದು ನಾನೇ ಎಂದು ಅವನಿಗೆ ಹೇಳಿದ್ದು ಸ್ವಾಗತ ವಾರದ ಪಾಠದ ದಿನ. "ಗೊತ್ತಿತ್ತು ಅಕ್ಕಾ, ನೋಟಿಸಿನ ಕೆಳಗೆ ನಿಮ್ಮ ವಿಭಾಗದ ಹೆಸರಿತ್ತಲ್ಲ. ಆಮೇಲೆ ನೋಡ್ದೆ," ಎಂದ.

ಗ್ರಂಥಾಲಯದ ಸುತ್ತು ಬೇರ್ಪಡಿಸುವ ಅರ್ಜಿ ನಿರ್ಮಾಣ ಇಲಾಖೆಯಲ್ಲಿ ಕೂತಿದೆ. ಅಲ್ಲಿಯವರೆಗೆ ಪ್ರಯೋಗಾಲಯ ಕಟ್ಟಡದ ನೆಲಮಹಡಿ ಶನಿವಾರ ಭಾನುವಾರ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ.